ಹೊಡೆದಿಲ್ಲ, ಆದ್ರೂ ಭಯ ಆಗುತ್ತೆ: ಹೊಸ ಜೋಡಿಗಳ ಮನೇಲಿ ದೌರ್ಜನ್ಯ ಗುರುತಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮದ್ವೆ ಆಗಿ ಒಂದೆರಡು ವರ್ಷ ಆಗಿರೋರು, ಮದ್ವೆ ಇಲ್ದೆ ಒಟ್ಟಿಗಿರೋರು, ಅವರ ಅಕ್ಕ ತಂಗಿ, ಫ್ರೆಂಡ್ಸು, ಅಪ್ಪ ಅಮ್ಮ, ಹೀಗೆ ಬೇರೆ ಬೇರೆ ಜನ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಧಾಟಿಲೇ ಇಟ್ಟಿದೀನಿ. ಈಗ್ಲೇ ಜೀವಕ್ಕೆ ಅಪಾಯ ಇದೆ ಅಂದ್ರೆ ಓದ್ತಾ ಕೂರ್ಬೇಡಿ, 112ಕ್ಕೆ ಫೋನ್ ಮಾಡಿ. ಇದನ್ನ ಓದಿದ್ದು ಗಂಡನಿಗೋ ಸಂಗಾತಿಗೋ ಗೊತ್ತಾದ್ರೆ ಗಲಾಟೆ ಆಗುತ್ತೆ ಅನ್ಸಿದ್ರೆ ಬೇರೆಯವರ ಫೋನಲ್ಲಿ ಓದಿ. ಹಾಗೆ ಅನ್ಸಿದೆ ಅಂದ್ರೇನೇ ಎರಡನೇ ಪ್ರಶ್ನೆ ನಿಮಗೇ ಅಂತ ತಿಳ್ಕೊಳಿ.

## ಶುರುವಿನ ಅನುಮಾನಗಳು

ಗಂಡ ಹೆಂಡತಿ ಅಂದ್ಮೇಲೆ ಜಗಳ ಇರಲ್ವಾ? ಎಲ್ಲದಕ್ಕೂ ದೌರ್ಜನ್ಯ ಅಂತ ಹೆಸರಿಟ್ರೆ ಸಂಸಾರ ನಡಿಯುತ್ತಾ?

ಜಗಳ ಇರ್ಲಿ, ಇರ್ಬೇಕು ಕೂಡ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆನೇ ಇದೆಯಲ್ಲ, ಆ ಗಾದೆನೇ ಇಟ್ಕೊಂಡು ನೋಡಿ. ಉಂಡು ಮಲಗಿ ಬೆಳಿಗ್ಗೆ ಎದ್ದಾಗ ಇಬ್ರೂ ಮಾಮೂಲಿ ಆಗಿದ್ರೆ ಅದು ಜಗಳ. ಒಬ್ರು ಮಾತ್ರ ಎದ್ದ ತಕ್ಷಣ ಇನ್ನೊಬ್ರ ಮುಖ ನೋಡಿ ಇವತ್ತು ಹೆಂಗಿರುತ್ತೋ ಅಂತ ಅಳತೆ ಮಾಡ್ತಿದ್ರೆ ಅದು ಬೇರೆ. ಜಗಳದಲ್ಲಿ ಒಂದ್ಸಲ ಅವನು ಸೋಲ್ತಾನೆ ಒಂದ್ಸಲ ಇವಳು. ದೌರ್ಜನ್ಯ ಇರೋ ಮನೇಲಿ ಸೋಲೋರು ಯಾವಾಗ್ಲೂ ಒಬ್ರೇ, ಮತ್ತೆ ಜಗಳದ ವಿಷಯ ಏನೇ ಇರ್ಲಿ, ಸಾರಿಗೆ ಉಪ್ಪು ಕಮ್ಮಿ ಆಗಿದ್ದೇ ಇರ್ಲಿ ಆಫೀಸಿಂದ ಹತ್ತು ನಿಮಿಷ ಲೇಟಾಗಿದ್ದೇ ಇರ್ಲಿ, ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ, ನಾನು ಹೇಳಿದ್ದು ನಡೀಬೇಕು ಅನ್ನೋ ಕಡೆ.

ಅವನು ಒಂದ್ಸಲನೂ ಕೈ ಎತ್ತಿಲ್ಲ. ಆದ್ರೂ ಅವನ ಬೈಕ್ ಸೌಂಡ್ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಇದೂ ದೌರ್ಜನ್ಯನಾ?

ಹೌದು. ಕಾನೂನು ಕೂಡ ಹಾಗೇ ಹೇಳುತ್ತೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಇದೆಯಲ್ಲ, 2006ರ ಅಕ್ಟೋಬರ್ 26ರಿಂದ ಜಾರಿಲಿರೋದು, ಅದರಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಅಂತ ನಾಲ್ಕೂ ಥರದ್ದು ಬರುತ್ತೆ. ಹೊಡೆತ ಆ ನಾಲ್ಕರಲ್ಲಿ ಒಂದು ಅಷ್ಟೆ.

ನಾನು ಯಾರಿಗಾದ್ರೂ ಹೇಳೋದು ಇಷ್ಟೇ, ಏಟು ಎಣಿಸ್ಬೇಡಿ, ನೀವು ಏನೇನು ಬಿಟ್ರಿ ಅಂತ ಎಣಿಸಿ. ಮದ್ವೆಗೆ ಮುಂಚೆ ಮಾಡ್ತಿದ್ದು ಈಗ ಮಾಡದೆ ಇರೋದೇನು? ಅಕ್ಕನ ಜೊತೆ ಫೋನಲ್ಲಿ ಹರಟೋದು, ಸ್ಲೀವ್‌ಲೆಸ್ ಹಾಕೋದು, ಕಾಲೇಜ್ ಗ್ರೂಪಲ್ಲಿ ಮೆಸೇಜ್ ಹಾಕೋದು, ಭಾನುವಾರ ಅಮ್ಮನ ಮನೆಗೆ ಹೋಗೋದು. ಇಷ್ಟ ಇಲ್ದೆ ಬಿಟ್ಟಿದ್ರೆ ಪರವಾಗಿಲ್ಲ, ಯಾಕೆ ರಗಳೆ ಅಂತ ಬಿಟ್ಟಿದ್ರೆ ಅದನ್ನ ಬರೆದಿಡಿ. ಪಟ್ಟಿ ಉದ್ದ ಆಗ್ತಾ ಹೋದ್ರೆ ಅವನು ಕೈ ಎತ್ತೋ ಅವಶ್ಯಕತೆನೇ ಇಲ್ಲ, ಕೆಲಸ ಆಗ್ಲೇ ಆಗಿದೆ.

ಸ್ವಲ್ಪ ಪೊಸೆಸಿವ್ ಅಷ್ಟೆ, ಪ್ರೀತಿ ಜಾಸ್ತಿ ಇರೋದಕ್ಕೆ ಹಾಗೆ ಆಡ್ತಾನೆ ಅಲ್ವಾ?

ಚಿಕ್ಕ ವಯಸ್ಸಿನ ಜೋಡಿಗಳಲ್ಲಿ ಅತಿ ಹೆಚ್ಚು ಕೇಳೋ ಮಾತಿದು, ಮತ್ತೆ ನಮ್ಮ ಸಿನಿಮಾಗಳು ಇದಕ್ಕೆ ಎಷ್ಟು ತುಪ್ಪ ಸುರಿದಿವೆ ಅಂತ ಬೇರೆ ಹೇಳ್ಬೇಕಾಗಿಲ್ಲ. ಸೇರಿದ್ಯಾ ಅಂತ ಒಂದು ಮೆಸೇಜ್ ಮಾಡೋದು ಕಾಳಜಿ. ಕ್ಯಾಬಲ್ಲಿ ಕೂತಾಗಿಂದ ಇಳಿಯೋ ತನಕ ವಿಡಿಯೋ ಕಾಲ್ ಆನ್ ಇರ್ಬೇಕು, ಪಕ್ಕದಲ್ಲಿ ಯಾರಿದಾರೆ ಅಂತ ಕ್ಯಾಮೆರಾ ತಿರುಗಿಸಿ ತೋರಿಸ್ಬೇಕು ಅನ್ನೋದು ಕಾವಲು. ನೀವು ಬೇಡ ಅಂದಾಗ ಏನಾಗುತ್ತೆ ಅಂತ ನೋಡಿ, ಅಲ್ಲಿ ಗೊತ್ತಾಗುತ್ತೆ. ಲೊಕೇಶನ್ ಶೇರ್ ಆಫ್ ಮಾಡ್ತೀನಿ ಅಂದ್ರೆ ಕಾಳಜಿ ಇರೋನು ಸ್ವಲ್ಪ ಮುಖ ಊದಿಸ್ಕೊಂಡು ಸುಮ್ನಾಗ್ತಾನೆ, ಇನ್ನೊಬ್ಬ ಯಾರ ಜೊತೆ ಇದೀಯ ಅಂತ ಶುರು ಮಾಡ್ತಾನೆ.

ಹಾಗೇ ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ಅಂತ ಒಂದು ಜಾಗ ಇದೆ, ತೆಗೆದು ನೋಡಿ. ನಿಮ್ಮದಲ್ಲದ ಲ್ಯಾಪ್‌ಟಾಪ್ ಅಲ್ಲಿದ್ರೆ ನಿಮ್ಮ ಮೆಸೇಜೆಲ್ಲ ಅಲ್ಲೂ ಓದೋಕೆ ಸಿಗ್ತಿದೆ ಅಂತ ಅರ್ಥ. ಆದ್ರೆ ಕೋಪದಲ್ಲಿ ತಕ್ಷಣ ತೆಗೆದುಹಾಕ್ಬೇಡಿ, ತೆಗೆದಿದ್ದು ಅವನಿಗೆ ಗೊತ್ತಾಗುತ್ತೆ. ಮೊದಲು ನೀವು ಸೇಫಾಗಿದೀರಾ ನೋಡ್ಕೊಳಿ.

ಓದಿರೋ ಹುಡುಗ, ಒಳ್ಳೆ ಕಂಪನಿ, ಕುಡಿಯಲ್ಲ ಸೇದಲ್ಲ, ಎಲ್ಲರ ಹತ್ರ ನಗ್ತಾ ಮಾತಾಡ್ತಾನೆ. ಇಂಥವ್ರು ಹಾಗೆ ಮಾಡ್ತಾರಾ?

ಮಾಡ್ತಾರೆ. ಎಲ್ಲರ ಹತ್ರ ನಗ್ತಾನೆ ಅನ್ನೋದನ್ನೇ ಯೋಚಿಸಿ, ಅಂದ್ರೆ ಕೋಪ ತಡ್ಕೊಳೋಕೆ ಬರುತ್ತೆ ಅವನಿಗೆ. ಮ್ಯಾನೇಜರ್ ಬೈದಾಗ ಕೀಬೋರ್ಡ್ ಎತ್ತಿ ಒಗೆಯಲ್ಲ, ಮನೆಗೆ ಬಂದು ತಟ್ಟೆ ಒಗೀತಾನೆ.

ನಮ್ಮ ರಾಜ್ಯದಲ್ಲಿ ಇದೆಲ್ಲ ಕಮ್ಮಿ ಅಂದ್ಕೊಂಡಿದ್ರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 18ರಿಂದ 49 ವಯಸ್ಸಿನ ಮದ್ವೆಯಾದ ಹೆಣ್ಮಕ್ಕಳಲ್ಲಿ ಗಂಡನಿಂದ ಹಿಂಸೆ ಅನುಭವಿಸಿದೋರು ಕರ್ನಾಟಕದಲ್ಲಿ ಶೇಕಡಾ 44, ಇಡೀ ದೇಶದಲ್ಲಿ ನಾವೇ ಮೇಲೆ. ದೇಶದ ಸರಾಸರಿ 29. ಹಿಂದಿನ ಸಮೀಕ್ಷೆಲಿ ನಮ್ಮದು 20ರ ಹತ್ರ ಇತ್ತು. ಹಿಂಸೆನೇ ಜಾಸ್ತಿ ಆಯ್ತೋ ಹೇಳ್ಕೊಳೋರು ಜಾಸ್ತಿ ಆದ್ರೋ ಅಂತ ವಾದ ಮಾಡ್ಬೋದು, ಆದ್ರೆ ಕಮ್ಮಿ ಅಂತೂ ಅಲ್ಲ.

ನನ್ನ ಸಂಬಳ ಪೂರ್ತಿ ಅವನೇ ನೋಡ್ಕೊಳ್ತಾನೆ, ನಂಗೆ ಬಸ್ಸಿಗೆ ಅಂತ ಕೊಡ್ತಾನೆ. ಎಲ್ಲ ಮನೇಲೂ ಹೀಗೇ ಅಲ್ವಾ?

ಇಬ್ರೂ ಕೂತು ಮಾತಾಡಿ ಒಬ್ರು ಲೆಕ್ಕ ನೋಡ್ಕೊಳೋದು ಬೇರೆ. ನಿಮ್ಮ ಎಟಿಎಂ ಕಾರ್ಡ್ ಅವನ ಪರ್ಸಲ್ಲಿದ್ದು, ಬ್ಯಾಂಕಿನ ಮೆಸೇಜ್ ಬರೋ ನಂಬರ್ ಅವನದಾಗಿದ್ದು, ಪ್ಯಾಡ್ ತಗೊಳೋಕೂ ನೀವು ಕೇಳಿ ಕಾರಣ ಹೇಳ್ಬೇಕು ಅಂದ್ರೆ ಅದು ಆರ್ಥಿಕ ದೌರ್ಜನ್ಯ. ನಿಮ್ಮ ಹೆಸರಲ್ಲಿ ಪರ್ಸನಲ್ ಲೋನ್ ತೆಗೆಸೋದು, ತವರಿಂದ ಬಂದ ಒಡವೆ ಕೇಳದೆ ಅಡ ಇಡೋದು, ಕೆಲಸ ಬಿಡು ಅಂತ ದಿನಾ ಕುಟ್ಟೋದು ಎಲ್ಲ ಇದರೊಳಗೇ ಬರುತ್ತೆ. ಸಂಬಳದ ಸ್ಲಿಪ್ಪನ್ನ ನಿಮ್ಮ ಸ್ವಂತ ಮೇಲ್‌ಗೂ ಬರೋ ಹಾಗೆ ಮಾಡ್ಕೊಳಿ, ಆಮೇಲೆ ಬೇಕಾಗುತ್ತೆ.

## ಒಳಗಿರೋರು ಕೇಳೋದು

ಹೊಡೆದ್ಮೇಲೆ ಅತ್ತು ಕಾಲು ಹಿಡ್ಕೊಂಡು ಸಾರಿ ಕೇಳ್ತಾನೆ. ನಿಜವಾಗ್ಲೂ ಅಳ್ತಾನೆ. ಬದಲಾಗಲ್ವಾ?

ಅಳು ನಿಜನೇ ಇರ್ಬೋದು. ಆದ್ರೆ ಹಳೇ ತಿಂಗಳುಗಳನ್ನ ಒಂದ್ಸಲ ನೆನಪು ಮಾಡ್ಕೊಳಿ. ಮೊದಲು ಮನೇಲಿ ಒಂಥರ ಬಿಗಿ, ಏನೋ ಆಗುತ್ತೆ ಅಂತ ನಿಮಗೆ ಗೊತ್ತಾಗಿ ನೀವು ಮೆಲ್ಲಗೆ ಓಡಾಡೋದು, ಆಮೇಲೆ ಸಿಡಿಯೋದು, ಆಮೇಲೆ ಸೀರೆ, ಬಿರಿಯಾನಿ, ಊಟಿ ಟ್ರಿಪ್ಪು, ನಿನ್ ಬಿಟ್ರೆ ನಂಗ್ಯಾರಿದಾರೆ. ಸ್ವಲ್ಪ ದಿನಕ್ಕೆ ಮತ್ತೆ ಬಿಗಿ. ಎಲ್ಲ ಮನೇಲೂ ಇದೇ ಲೆಕ್ಕದಲ್ಲಿ ತಿರುಗುತ್ತೆ ಅಂತಲ್ಲ, ಕೆಲವರ ಮನೇಲಿ ಸಾರಿನೂ ಇರಲ್ಲ, ಆದ್ರೆ ತಿರುಗ್ತಾ ಇದ್ರೆ ಗಮನಿಸಿ, ಬರ್ತಾ ಬರ್ತಾ ಒಳ್ಳೆ ದಿನಗಳು ಕಮ್ಮಿ ಆಗ್ತವೆ.

ಬದಲಾಗೋರು ಇದಾರೆ, ಇಲ್ಲ ಅನ್ನಲ್ಲ. ಅವರು ಹೆಂಗೆ ಕಾಣ್ತಾರೆ ಅಂದ್ರೆ, ಮಾಡಿದ್ದನ್ನ ನಿಮ್ಮಪ್ಪನ ಮುಂದೆ, ಕೌನ್ಸೆಲರ್ ಮುಂದೆ ಬಾಯಿಬಿಟ್ಟು ಹೇಳ್ತಾರೆ, ನೀನು ಹಾಗಂದಿದ್ದಕ್ಕೆ ನಾನು ಹೊಡೆದೆ ಅಂತ ಬಾಲ ಸೇರಿಸಲ್ಲ, ನೀವು ಸ್ವಲ್ಪ ದಿನ ದೂರ ಇರ್ತೀನಿ ಅಂದ್ರೆ ಇರೋಕೆ ಬಿಡ್ತಾರೆ. ಸಾರಿ ಕೇಳಿದ ಮಾರನೇ ದಿನನೇ ಇನ್ನೂ ಕ್ಷಮಿಸಿಲ್ವಾ ಅಂತ ರೇಗೋನು ಬದಲಾಗ್ತಾ ಇಲ್ಲ.

ಕುಡಿದಾಗ ಮಾತ್ರ ಹೀಗೆ. ಕುಡಿತ ಬಿಡಿಸಿದ್ರೆ ಸರಿ ಹೋಗುತ್ತಲ್ವಾ?

ಕುಡಿತಕ್ಕೆ ಚಿಕಿತ್ಸೆ ಕೊಡಿಸಿ, ಒಳ್ಳೇದೇ. ಆದ್ರೆ ಕುಡಿದು ಬಾರಲ್ಲಿ ಪಕ್ಕದ ಟೇಬಲ್‌ನೋನಿಗೆ ಹೊಡೆಯದೆ ಮನೆಗೆ ಬಂದು ನಿಮಗೇ ಯಾಕೆ ಹೊಡೀತಾನೆ? ಕುಡಿತ ಬಿಟ್ಟ ಮೇಲೂ ಕಾವಲು, ಬೈಗುಳ ಮುಂದುವರಿದ ಮನೆಗಳಿವೆ. ಎರಡೂ ಬೇರೆ ಬೇರೆ ಕಾಯಿಲೆ ಅಂತ ಇಟ್ಕೊಳಿ.

ಒಂದು ಮಗು ಆಗ್ಲಿ ಎಲ್ಲ ಸರಿ ಹೋಗುತ್ತೆ ಅಂತಾರೆ ಅತ್ತೆ, ನಮ್ಮಮ್ಮನೂ ಅದೇ ಹೇಳ್ತಾರೆ. ಏನ್ ಮಾಡ್ಲಿ?

ದಯವಿಟ್ಟು ಈ ಸಲಹೆ ಕೇಳ್ಬೇಡಿ. ಬಸುರಿಲಿ ಹಿಂಸೆ ನಿಲ್ಲೋ ಬದಲು ಶುರುವಾಗೋದು, ಹೆಚ್ಚಾಗೋದು ಎಷ್ಟೋ ದೇಶಗಳಲ್ಲಿ ಕಂಡಿರೋ ವಿಷಯ. ಗಮನ ಮಗು ಕಡೆ ಹೋಗುತ್ತೆ, ಖರ್ಚು ಜಾಸ್ತಿ, ಇವಳು ಇನ್ನೆಲ್ಲಿಗೂ ಹೋಗಲ್ಲ ಅನ್ನೋ ಧೈರ್ಯನೂ ಬರುತ್ತೆ. ಗರ್ಭನಿರೋಧಕ ಮಾತ್ರೆ ಬಚ್ಚಿಡೋದು, ಬೇಡ ಅಂದ್ರೂ ಮಗು ಆಗ್ಲೇಬೇಕು ಅಂತ ಒತ್ತಾಯಿಸೋದು ಕೂಡ ಒಂದು ಲಕ್ಷಣನೇ. ಚೆಕಪ್ಪಿಗೆ ಹೋದಾಗ ಡಾಕ್ಟರ್ ಹತ್ರ ಒಬ್ರೇ ಮಾತಾಡ್ಬೇಕು ಅಂತ ಕೇಳಿ.

ಮದ್ವೆ ಆಗಿದೆಯಲ್ಲ ಅಂತ, ನಾನು ಬೇಡ ಅಂದ್ರೂ ಬಿಡಲ್ಲ. ಇದನ್ನ ಬಾಯಿಬಿಟ್ಟು ಯಾರ ಹತ್ರ ಹೇಳೋದು?

ಇದನ್ನ ಕೇಳಿದೋರು ಮೆಸೇಜ್ ಟೈಪ್ ಮಾಡಿ ಡಿಲೀಟ್ ಮಾಡಿ ಮತ್ತೆ ಟೈಪ್ ಮಾಡಿರ್ತಾರೆ ಅನ್ನೋದು ಗೊತ್ತಾಗುತ್ತೆ. ನಾಚಿಕೆ ಪಡೋ ವಿಷಯ ನಿಮ್ಮದಲ್ಲ. 18 ತುಂಬಿದ ಹೆಂಡತಿ ಮೇಲೆ ಗಂಡ ಮಾಡಿದ್ದು ಅತ್ಯಾಚಾರದ ವ್ಯಾಖ್ಯೆ ಒಳಗೆ ಬರಲ್ಲ ಅನ್ನೋ ವಿನಾಯಿತಿನ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಲೂ ಹಾಗೇ ಉಳಿಸಿದಾರೆ, ನನ್ನ ಕೇಳಿದ್ರೆ ಅದು ತಪ್ಪು. ನಮ್ಮ ಹೈಕೋರ್ಟು 2022ರಲ್ಲಿ ಒಂದು ಕೇಸಲ್ಲಿ ಗಂಡನ ಮೇಲಿನ ಅತ್ಯಾಚಾರದ ಆರೋಪ ಕೈಬಿಡೋಕೆ ಒಪ್ಪಲಿಲ್ಲ, ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಅದೇನೇ ಇರ್ಲಿ, 2005ರ ಕಾಯ್ದೆಲಿ ಲೈಂಗಿಕ ದೌರ್ಜನ್ಯ ಅಂತ ಸ್ಪಷ್ಟವಾಗೇ ಇದೆ, ಅದರ ಕೆಳಗೆ ರಕ್ಷಣೆ ಕೇಳ್ಬೋದು.

ಒಂದೆರಡು ಸಲ ನಾನೂ ತಿರುಗಿ ಹೊಡೆದಿದೀನಿ, ಕೆಟ್ಟ ಮಾತಾಡಿದೀನಿ. ಹಾಗಾದ್ರೆ ತಪ್ಪು ಇಬ್ರದ್ದೂ ಅಲ್ವಾ?

ತಿರುಗಿ ಹೊಡೆದ ಮೇಲೆ ಮನೇಲಿ ಯಾರು ಯಾರಿಗೆ ಹೆದರಿ ಓಡಾಡಿದ್ರು? ಅವನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ನಾ ಅಥವಾ ನೀವಾ? ನೀವು ಕಿರುಚಿದ್ದನ್ನ ಮಾತ್ರ ವಿಡಿಯೋ ಮಾಡಿ ನೋಡು ನೀನು ಹುಚ್ಚಿ ಅಂತ ತೋರಿಸೋದು ಹಳೇ ಆಟ. ದಿನಾ ಹಾಗೆ ಕೇಳಿ ಕೇಳಿ ನಂಗೇ ಏನೋ ಆಗಿದೆ ಅನ್ಸೋಕೆ ಶುರುವಾಗುತ್ತೆ. ನಡೆದದ್ದನ್ನ ಅವತ್ತೇ ತಾರೀಕು ಹಾಕಿ ನಾಲ್ಕು ಸಾಲು ಬರೆದಿಟ್ರೆ ನಿಮ್ಮ ನೆನಪಿನ ಮೇಲೆ ನಿಮಗೆ ನಂಬಿಕೆ ಉಳಿಯುತ್ತೆ.

ಗಂಡಸರಿಗೆ ಹೀಗೆ ಆಗಲ್ವಾ? ನನ್ನ ಹೆಂಡತಿ ಹೊಡೀತಾಳೆ, ಹೇಳಿದ್ರೆ ಎಲ್ರೂ ನಗ್ತಾರೆ.

ಆಗುತ್ತೆ, ನಗೋದು ತಪ್ಪು. ಭಯ, ಕಾವಲು, ಜನರಿಂದ ದೂರ ಮಾಡೋದು, ಸತ್ತೋಗ್ತೀನಿ ಅಂತ ಹೆದರಿಸೋದು, ಲಕ್ಷಣಗಳು ಅವೇ. 2005ರ ಕಾಯ್ದೆ ಅಡಿಲಿ ಅರ್ಜಿ ಹಾಕೋಕೆ ಆಗೋದು ಹೆಂಗಸರಿಗೆ ಮಾತ್ರ, ಆದ್ರೆ ಹಲ್ಲೆ, ಬೆದರಿಕೆಗೆ ಮಾಮೂಲಿ ಪೊಲೀಸ್ ದೂರು ಕೊಡ್ಬೋದು, ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳ್ಬೋದು. ಮನಸ್ಸಿಗೆ ತುಂಬಾ ಭಾರ ಆಗಿದ್ರೆ 14416, ಟೆಲಿಮನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಯಾರು ಬೇಕಾದ್ರೂ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ತಾರೆ.

## ಹೊರಗಿಂದ ನೋಡ್ತಿರೋರು ಕೇಳೋದು

ಮದ್ವೆ ಆದ್ಮೇಲೆ ನನ್ನ ತಂಗಿ ಪೂರ್ತಿ ಬದಲಾಗಿದ್ದಾಳೆ. ಚೆನ್ನಾಗಿದೀನಿ ಅಂತಾನೇ ಹೇಳ್ತಾಳೆ. ಹೇಗೆ ಪತ್ತೆ ಮಾಡೋದು, ಹೇಗೆ ಕೇಳೋದು?

ಫೋನ್ ಮಾಡಿದಾಗ ಕಿವಿ ಕೊಟ್ಟು ಕೇಳಿ. ಸ್ಪೀಕರ್ ಹಾಕಿರೋದು ಗೊತ್ತಾಗುತ್ತೆ, ಧ್ವನಿ ಸ್ವಲ್ಪ ಟೊಳ್ಳಾಗಿ ಬರುತ್ತೆ, ಫ್ಯಾನ್ ಶಬ್ದ ಬರುತ್ತೆ. ಹ್ಞೂಂ, ಊಟ ಆಯ್ತು, ಹ್ಞೂಂ, ಚೆನ್ನಾಗಿದೀವಿ. ಮೊದಲೆಲ್ಲ ಪಕ್ಕದ ಮನೆ ನಾಯಿ ಕಥೆ ತನಕ ಹೇಳ್ತಿದ್ದೋಳು ಈಗ ಎರಡು ನಿಮಿಷಕ್ಕೆ ಇಡ್ತೀನಿ ಅಂತಾಳೆ, ಅವನು ಹೊರಗೆ ಹೋದಾಗ ಮಾತ್ರ ತಾನೇ ಫೋನ್ ಮಾಡ್ತಾಳೆ, ಗೇಟ್ ಸದ್ದಾದ್ರೆ ಮಾತಿನ ಮಧ್ಯೆನೇ ಕಟ್. ಹಬ್ಬಕ್ಕೆ ಬಂದ್ರೆ ಅವನ ಜೊತೆ ಬಂದು ಅವನ ಜೊತೆನೇ ಹೋಗ್ತಾಳೆ, ಅಡುಗೆಮನೇಲಿ ಅಮ್ಮನ ಜೊತೆ ಒಬ್ಳೇ ನಿಂತ್ರೆ ಅವನು ನೀರು ಕೇಳ್ಕೊಂಡು ಬರ್ತಾನೆ. ಸೆಕೆಲಿ ಉದ್ದ ತೋಳು. ಬಿದ್ದೆ, ಬಾಗಿಲು ತಾಗಿತು. ಏನಾದ್ರೂ ತಿಂತೀಯಾ ಅಂತ ಅವಳನ್ನ ಕೇಳಿದ್ರೆ ಅವನ ಮುಖ ನೋಡಿ ಉತ್ತರ ಕೊಡ್ತಾಳೆ. ಒಂದೊಂದೇ ತಗೊಂಡ್ರೆ ಏನೂ ಅಲ್ಲ, ನಾಲ್ಕೈದು ಒಟ್ಟಿಗೆ ಬಂದ್ರೆ ಸುಮ್ನಿರ್ಬೇಡಿ.

ಕೇಳೋದು ಒಬ್ಳೇ ಇದ್ದಾಗ, ಮೆಸೇಜಲ್ಲಿ ಬೇಡವೇ ಬೇಡ. ಅವನು ಹೊಡೀತಾನಾ ಅಂತ ನೇರ ಹೋದ್ರೆ ಇಲ್ಲ ಅಂದ್ಬಿಡ್ತಾಳೆ. ಅವನಿಗೆ ಕೋಪ ಬಂದಾಗ ಏನ್ ಮಾಡ್ತಾನೆ, ನಿಂಗೆ ಭಯ ಆಗುತ್ತಾ, ಇಷ್ಟು ಕೇಳಿ ಸುಮ್ನಿರಿ. ಹೇಳಿದ್ರೆ ನಂಬಿ. ಇಲ್ಲ ಅಂದ್ರೆ ಸರಿ, ಯಾವಾಗ ಬೇಕಾದ್ರೂ ಬಾ ಅನ್ನಿ. ಲವ್ ಮ್ಯಾರೇಜ್ ನೀನೇ ಮಾಡ್ಕೊಂಡಿದ್ದು ಅನುಭವಿಸು ಅಂತಾಗ್ಲಿ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾಗ್ಲಿ ಒಂದು ಮಾತು ಬಿದ್ರೆ ಮತ್ತೆ ಬಾಯಿ ಬಿಡಲ್ಲ. ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ದೈಹಿಕ, ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದೋರು ಶೇಕಡಾ 14, ಯಾರ ಹತ್ರನೂ ಬಾಯೇ ಬಿಡದೋರು ಶೇಕಡಾ 77. ತಂಗಿ ಕಷ್ಟ ಕೇಳಿದ ಕೋಪಕ್ಕೆ ಅವನ ಮನೆಗೆ ಹೋಗಿ ಕಾಲರ್ ಹಿಡಿಯೋ ಅಣ್ಣಂದಿರಿಗೆ ಒಂದು ಮಾತು, ನೀವು ವಾಪಸ್ ಬಂದ್ಮೇಲೆ ಆ ಮನೇಲಿ ರಾತ್ರಿ ಕಳೀಬೇಕಾಗಿರೋದು ಅವಳು.

ಪಕ್ಕದ ಫ್ಲಾಟಲ್ಲಿ ವಾರಕ್ಕೊಂದ್ಸಲ ಕೂಗಾಟ, ಏನೋ ಒಡೆಯೋ ಸದ್ದು. ನಾವ್ಯಾಕೆ ತಲೆ ಹಾಕ್ಬೇಕು?

ಬೆಲ್ ಒತ್ತಿ, ಸಕ್ಕರೆ ಇದೆಯಾ ಅಂತ ಕೇಳಿ. 2008ರಲ್ಲಿ ಬೆಲ್ ಬಜಾವೋ ಅಂತ ಟಿವಿಲಿ ಒಂದು ಅಭಿಯಾನ ಬರ್ತಿತ್ತು, ಅದೂ ಇದನ್ನೇ ಹೇಳಿದ್ದು. ಹೊರಗೆ ಯಾರೋ ಕೇಳಿಸ್ಕೊಳ್ತಿದಾರೆ ಅಂತ ಗೊತ್ತಾದ್ರೆ ಆ ಕ್ಷಣಕ್ಕಾದ್ರೂ ಎಷ್ಟೋ ಸಲ ನಿಲ್ಲುತ್ತೆ. ನಿಮಗೇ ಅಪಾಯ ಅನ್ಸಿದ್ರೆ 112. 2005ರ ಕಾಯ್ದೆ ಪ್ರಕಾರ ಯಾರು ಬೇಕಾದ್ರೂ ಸಂರಕ್ಷಣಾಧಿಕಾರಿಗೆ, ಅಂದ್ರೆ ಇಂಥ ಕೇಸಲ್ಲಿ ಸಹಾಯ ಮಾಡೋಕೆ ಸರ್ಕಾರ ನೇಮಿಸಿದ ಅಧಿಕಾರಿಗೆ, ಮಾಹಿತಿ ಕೊಡ್ಬೋದು, ಒಳ್ಳೆ ಉದ್ದೇಶದಿಂದ ಕೊಟ್ಟಿದ್ರೆ ನಿಮ್ಮ ಮೇಲೆ ಕೇಸ್ ಬರಲ್ಲ.

## ಕಾನೂನಿನ ಪ್ರಶ್ನೆಗಳು

ಅವನು ಜೈಲಿಗೆ ಹೋಗೋದು ನಂಗೆ ಬೇಡ, ಹಿಂಸೆ ನಿಂತ್ರೆ ಸಾಕು. ಅಂಥ ದಾರಿ ಇದೆಯಾ? ಮನೆ ಬೇರೆ ಅತ್ತೆ ಹೆಸರಲ್ಲಿದೆ.

2005ರ ಕಾಯ್ದೆ ಇರೋದೇ ಅದಕ್ಕೆ. ಮ್ಯಾಜಿಸ್ಟ್ರೇಟ್ ಹತ್ರ ಅರ್ಜಿ ಹಾಕಿದ್ರೆ ಹೊಡೀಬಾರದು, ಆಫೀಸ್ ಹತ್ರ ಬರಬಾರದು ಅಂತ ಆದೇಶ, ಮನೇಲಿರೋ ಹಕ್ಕು, ಖರ್ಚಿಗೆ ದುಡ್ಡು, ಮಕ್ಕಳ ತಾತ್ಕಾಲಿಕ ಕಸ್ಟಡಿ, ಪರಿಹಾರ ಎಲ್ಲ ಕೇಳ್ಬೋದು. ರಕ್ಷಣಾ ಆದೇಶ ಮುರಿದ್ರೆ ಆಗ ಅದು ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. 3 ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಮುಗಿಸೋ ಪ್ರಯತ್ನ ಅಂತ ಬರೆದಿದೆ, ನಿಜದಲ್ಲಿ ಎಳೀತಾ ಹೋಗುತ್ತೆ, ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ, ಅಂದ್ರೆ ಕೇಸ್ ಮುಗಿಯೋ ತನಕದ ತಾತ್ಕಾಲಿಕ ಆದೇಶ, ಕೇಳ್ಬೇಕು. ಅತ್ತೆ ಮಾವನ ಹೆಸರಲ್ಲಿರೋ ಮನೆನೂ ನೀವು ಸಂಸಾರ ಮಾಡಿದ ಮನೆ ಆಗಿದ್ರೆ ಅಲ್ಲಿರೋ ಹಕ್ಕು ಕೇಳ್ಬೋದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಅಂದ್ರೆ ನಿಮ್ಮ ತಾಲೂಕಿನ ಸಿಡಿಪಿಓ, ಅಂಗನವಾಡಿಗಳನ್ನ ನೋಡ್ಕೊಳ್ತಾರಲ್ಲ ಅವರೇ. ಅವರಿಗೆ ಕೆಲಸ ನೂರೆಂಟು, ಒಂದ್ಸಲಕ್ಕೆ ಸಿಗದೆ ಇದ್ರೆ ಬೇಜಾರಾಗ್ಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಅಥವಾ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವು ಕೊಡೋ ಜಿಲ್ಲೆಯ ಸಖಿ ಕೇಂದ್ರಕ್ಕೆ, ಸಾಂತ್ವನ ಕೇಂದ್ರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀ ವಕೀಲರು ಸಿಗ್ತಾರೆ, ನಂಬರ್ 15100. ಕ್ರಿಮಿನಲ್ ಕೇಸೇ ಬೇಕು ಅಂದ್ರೆ ಗಂಡ, ಅವನ ಕಡೆಯೋರ ಕ್ರೌರ್ಯಕ್ಕೆ ಇದ್ದ ಮೊದಲಿನ 498ಎ, ಈಗ ನ್ಯಾಯ ಸಂಹಿತೆಯ 85, 86ನೇ ಸೆಕ್ಷನ್.

ಮದ್ವೆ ಆಗಿಲ್ಲ, ಒಟ್ಟಿಗಿದೀವಿ ಅಷ್ಟೆ. ನಂಗೆ ಕಾನೂನು ಇದೆಯಾ?

ಮದ್ವೆ ಥರಾನೇ ಬದುಕ್ತಿದ್ರೆ ಇದೆ. ಎಷ್ಟು ಕಾಲದಿಂದ ಒಟ್ಟಿಗಿದೀರಿ, ಮನೆ ಖರ್ಚು ಹಂಚ್ಕೊಂಡಿದೀರಾ, ಜನರ ಮುಂದೆ ಹೇಗೆ ಕಾಣಿಸ್ಕೊಂಡಿದೀರಿ ಅಂತೆಲ್ಲ ನೋಡ್ತಾರೆ. ಇದನ್ನೆಲ್ಲ ವಿವರವಾಗಿ ಹೇಳಿದ ಸುಪ್ರೀಂ ಕೋರ್ಟಿನ 2013ರ ಇಂದ್ರಾ ಶರ್ಮಾ ತೀರ್ಪು ಬೆಂಗಳೂರಿನ ಕೇಸಿನದೇ, ಅಲ್ಲಿ ಅವನಿಗೆ ಮೊದಲೇ ಮದ್ವೆ ಆಗಿದ್ದು ಗೊತ್ತಿದ್ದೂ ಒಟ್ಟಿಗಿದ್ದಿದ್ದಕ್ಕೆ ಆಕೆಗೆ ಪರಿಹಾರ ಸಿಗ್ಲಿಲ್ಲ. ಒಂದೇ ಮನೇಲಿಲ್ಲ, ಬರೀ ಲವ್ವಲ್ಲಿದೀವಿ ಅಂದ್ರೆ ಈ ಕಾಯ್ದೆ ಬರಲ್ಲ, ಆದ್ರೆ ಹಿಂಬಾಲಿಸೋದು, ಇಂಟರ್ನೆಟ್‌ನಲ್ಲಿ ಕಾವಲು ಕಾಯೋದು ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ಗೆ ಬರುತ್ತೆ. ಫೋಟೋ ಹಾಕ್ಬಿಡ್ತೀನಿ ಅಂತ ಹೆದರಿಸಿದ್ರೆ ಅದಕ್ಕೂ ಕೇಸ್ ಇದೆ, ಚಾಟ್ ಡಿಲೀಟ್ ಮಾಡ್ಬೇಡಿ.

ನಾಲ್ಕು ಗೋಡೆ ಮಧ್ಯೆ ನಡೆದಿದ್ದಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ?

ಗಾಯದ ಫೋಟೋ ಮುಖ ಸೇರಿಸಿ ಒಂದು, ಹತ್ರದಿಂದ ಒಂದು. ಡಾಕ್ಟರ್ ಹತ್ರ ಬಿದ್ದೆ ಅನ್ಬೇಡಿ, ಯಾರು ಹೊಡೆದ್ರು ಅಂತ ಹೇಳಿ ಚೀಟಿಲಿ ಬರೆಸಿ. ಅವನ ಬೆದರಿಕೆ ಮೆಸೇಜು, ಸಾರಿ ಮೆಸೇಜು ಎರಡೂ ಸಾಕ್ಷಿನೇ, ಇನ್ಮೇಲೆ ಹೊಡೆಯಲ್ಲ ಅಂತ ಅವನೇ ಬರೆದಿದ್ರೆ ಅದಕ್ಕಿಂತ ಬೇಕಾ. ಗಂಡ ಹೆಂಡತಿ ಮಾತನ್ನ ಗುಟ್ಟಾಗಿ ರೆಕಾರ್ಡ್ ಮಾಡಿದ್ದನ್ನೂ ವೈವಾಹಿಕ ಕೇಸಲ್ಲಿ ಸಾಕ್ಷಿಯಾಗಿ ತಗೋಬೋದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈಲಿ ಹೇಳಿದೆ. ಇದ್ಯಾವುದನ್ನೂ ಅವನಿಗೆ ಸಿಗೋ ಫೋನಲ್ಲಿ ಇಡ್ಬೇಡಿ, ಅಕ್ಕನಿಗೆ ಕಳಿಸಿ.

## ಕಷ್ಟದ ಪ್ರಶ್ನೆಗಳು

ಒಂದ್ಸಲ ಕತ್ತು ಹಿಸುಕಿದ, ಕೆಲವು ಸೆಕೆಂಡ್ ಅಷ್ಟೆ. ಗುರುತೂ ಇಲ್ಲ. ಕೋಪದಲ್ಲಿ ಆಗಿದ್ದು ಅಂತ ಬಿಡ್ಲಾ?

ಬಿಡ್ಬೇಡಿ. ಈ ಇಡೀ ಪುಟದಲ್ಲಿ ನಂಗೆ ಅತಿ ಭಯ ಹುಟ್ಟಿಸೋ ಪ್ರಶ್ನೆ ಇದು. ಅಮೆರಿಕದಲ್ಲಿ 2008ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸಂಗಾತಿ ಒಮ್ಮೆ ಕತ್ತು ಹಿಸುಕಿದ್ರೆ ಮುಂದೆ ಅವನ ಕೈಯಲ್ಲೇ ಕೊಲೆ ಆಗೋ ಅಪಾಯ ಏಳು ಪಟ್ಟಿಗಿಂತ ಜಾಸ್ತಿ ಅಂತ ಕಂಡುಬಂತು. ಹೊರಗೆ ಗುರುತು ಇಲ್ದೆನೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರ್ಬೋದು. ಧ್ವನಿ ಒಡೆದಿದ್ರೆ, ನುಂಗೋಕೆ ನೋವಾದ್ರೆ, ಕಣ್ಣಲ್ಲಿ ಕೆಂಪು ಚುಕ್ಕೆ ಬಂದ್ರೆ, ತಲೆ ಸುತ್ತಿದ್ರೆ, ಆ ಹೊತ್ತಲ್ಲಿ ಏನಾಯ್ತು ಅಂತ ನೆನಪಿಲ್ದೆ ಇದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕತ್ತು ಹಿಸುಕಿದ್ದು ಅಂತ ಅದೇ ಮಾತಲ್ಲಿ ಹೇಳಿ. ಇದರ ಜೊತೆ ಸಾಯಿಸ್ತೀನಿ ಅನ್ನೋ ಮಾತು, ಮನೇಲಿ ಆಯುಧ, ನೀನು ಹೋದ್ರೆ ನಾನು ಸಾಯ್ತೀನಿ ಅನ್ನೋದು ಇದ್ರೆ ಅಲ್ಲಿ ಇನ್ನೊಂದು ರಾತ್ರಿ ಬೇಡ.

ಬಿಟ್ಟು ಬರೋಕೆ ಮನಸ್ಸು ಗಟ್ಟಿ ಮಾಡಿದೀನಿ. ಹೇಳಿ ಬರೋದಾ ಹೇಳದೆ ಬರೋದಾ?

ಹೇಳ್ಬೇಡಿ. ಹೋಗ್ತೀನಿ ಅಂದ ಹೊತ್ತು, ಹೋದ ಮೊದಲ ಕೆಲವು ವಾರ, ಅಪಾಯ ಜಾಸ್ತಿ ಇರೋದೇ ಆಗ. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಮದ್ವೆ ಫೋಟೋ, ದಿನಾ ತಗೊಳೋ ಮಾತ್ರೆ, ಇವುಗಳನ್ನ ಒಂದೊಂದಾಗಿ ನಂಬಿಕಸ್ಥರ ಮನೆಗೆ ಸಾಗಿಸಿ, ಎಲ್ಲ ಒಟ್ಟಿಗೆ ತುಂಬಿದ ಬ್ಯಾಗ್ ಬೀರು ಮೇಲೆ ಇಡ್ಬೇಡಿ. ಕ್ಯಾಬ್ ಬುಕ್ ಮಾಡಿದ್ರೆ ಟ್ರಿಪ್ ಹಿಸ್ಟರಿ, ಯುಪಿಐಲಿ ದುಡ್ಡು ಕೊಟ್ರೆ ಅಂಗಡಿ ಹೆಸರು ಉಳಿಯುತ್ತೆ ಅನ್ನೋದು ನೆನಪಿರ್ಲಿ, ಸ್ವಲ್ಪ ಕ್ಯಾಶ್ ಇಟ್ಕೊಳಿ. ಮಕ್ಕಳಿದ್ರೆ ಜೊತೆಲೇ ಕರ್ಕೊಂಡು ಬನ್ನಿ. ತವರಿಗೆ ಹೋಗೋಕೆ ಆಗದೆ ಇದ್ರೆ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಇರ್ಬೋದು, ಅಲ್ಲಿಂದ ಮುಂದಕ್ಕೆ ಬೇರೆ ಆಶ್ರಯಕ್ಕೆ ಕಳಿಸ್ತಾರೆ.

ಅಷ್ಟೆಲ್ಲ ಓಡಾಡಿ ಕರ್ಕೊಂಡು ಬಂದ್ವಿ, ತಿಂಗಳಿಗೇ ಮತ್ತೆ ಅವನ ಹತ್ರನೇ ಹೋದ್ಲು. ಇನ್ನು ನಾವ್ಯಾಕೆ ಸಾಯ್ಬೇಕು?

ಬೇಜಾರು ಅರ್ಥ ಆಗುತ್ತೆ. ತುಂಬಾ ಜನ ಹೋಗಿ ಬಂದು ಹೋಗಿ ಬಂದೇ ಕೊನೆಗೆ ಹೊರಗೆ ಬರೋದು. ಯಾಕೆ ಹೋದ್ಲು ಅಂತ ಕೇಳಿದ್ರೆ ಪ್ರೀತಿ ಅಂತಾಳೆ, ಕೆದಕಿದ್ರೆ ಲೋನ್ ಕಂತು, ತಮ್ಮನ ಮದ್ವೆ ಮುರಿದೀತು ಅನ್ನೋ ಭಯ, ನಾಲ್ಕು ಜನ ಏನಂತಾರೆ, ನಿಮ್ಮ ಮನೇಲಿ ಮೂರನೇ ವಾರಕ್ಕೆ ಯಾರೋ ಮುಂದೇನು ಅಂತ ಕೇಳಿದ ಧಾಟಿ, ಎಲ್ಲ ಹೊರಗೆ ಬರುತ್ತೆ. ಅವನ ಬಗ್ಗೆ ಬೈದು ಕಳಿಸಿದ್ರೆ ಮುಂದಿನ ಸಲ ಫೋನ್ ಮಾಡೋಕೆ ಅವಳಿಗೆ ಮುಖ ಇರಲ್ಲ, ಅವನಿಗೆ ಬೇಕಾಗಿರೋದೂ ಅದೇ. ಹೋಗು, ಆದ್ರೆ ವಾರಕ್ಕೊಂದ್ಸಲ ಫೋನ್ ಮಾಡು ಅನ್ನಿ. ಇಬ್ರಿಗೇ ಗೊತ್ತಿರೋ ಒಂದು ಮಾತು ಇಟ್ಕೊಳಿ, ಆ ಮಾತು ಬಂದ್ರೆ ಪ್ರಶ್ನೆ ಕೇಳದೆ ಹೊರಡೋದು ಅಂತ. ಅವಳ ಡಾಕ್ಯುಮೆಂಟ್ ಕವರ್ ನಿಮ್ಮ ಹತ್ರ ಇದ್ರೆ ಇಲ್ಲೇ ಇರ್ಲಾ ಅಂತ ಕೇಳಿ, ಹೆಚ್ಚಿನೋರು ಇರ್ಲಿ ಅಂತಾರೆ.